ಶಂಭುನಾಥ ಡೇ ಬರೆದ ಎರಡು ಪುಟ

ಎಂ.ಡಿ. ಸೀಟು ಸಿಕ್ಕ ಕೆಲವೇ ತಿಂಗಳಲ್ಲಿ ಎರಡು ಪ್ರಶ್ನೆ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತವೆ: ಪೇಪರ್ ಎಷ್ಟಾಯ್ತು? ಸೈಟೇಶನ್ ಎಷ್ಟಿದೆ? ಬಡ್ತಿಗೂ ಪೇಪರ್ ಬೇಕು, ಫೆಲೋಶಿಪ್ಪಿಗೂ ಪೇಪರ್ ಬೇಕು. ದುಡ್ಡು ಕಟ್ಟಿದರೆ ಓದಿಯೂ ನೋಡದೆ ಅಚ್ಚು ಹಾಕಿಕೊಡುವ ಜರ್ನಲ್ಲುಗಳಿಗೂ ಬರವಿಲ್ಲ. ಆ ದಾರಿ ತುಳಿಯುವ ಮೊದಲು ಕೋಲ್ಕತ್ತದ ಒಬ್ಬ ವೈದ್ಯರ ಕೆಲಸ ಏನಾಗಿತ್ತು, ಅದು ಲೆಕ್ಕಕ್ಕೆ ಬಂದದ್ದು ಯಾವಾಗ ಎಂಬುದನ್ನು ತಿಳಿದುಕೊಳ್ಳಿ.

ಶಂಭುನಾಥ ಡೇ ಹುಟ್ಟಿದ್ದು 1915ರಲ್ಲಿ, ಹೂಗ್ಲಿ ಜಿಲ್ಲೆಯ ಹಳ್ಳಿಯಲ್ಲಿ. ವೃತ್ತಿಯಲ್ಲಿ ಪೆಥಾಲಜಿಸ್ಟ್. ಲಂಡನ್ನಿನಲ್ಲಿ ಪಿಎಚ್‌ಡಿ ಮುಗಿಸಿ 1949ರಲ್ಲಿ ಮರಳಿದ ಅವರು ಎತ್ತಿಕೊಂಡದ್ದು ಕಾಲರಾವನ್ನು, ತಮ್ಮ ಊರಿನ ವಾರ್ಡುಗಳಲ್ಲಿ ಕಣ್ಣೆದುರೇ ಜನರನ್ನು ಒಯ್ಯುತ್ತಿದ್ದ ಕಾಯಿಲೆಯನ್ನು. ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ 1884ರಲ್ಲಿ ಇದೇ ಕೋಲ್ಕತ್ತದಲ್ಲಿ ಖಚಿತಪಡಿಸಿಕೊಂಡಿದ್ದರು. ಅದು ಯಾವುದೋ ವಿಷ ಸ್ರವಿಸುತ್ತಿರಬೇಕೆಂದೂ ಊಹಿಸಿದ್ದರು. ಆದರೆ ಆ ವಿಷವನ್ನು ತೋರಿಸಿಕೊಡಲು ಎಪ್ಪತ್ತು ವರ್ಷ ಯಾರಿಂದಲೂ ಆಗಿರಲಿಲ್ಲ. ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊಳ್ಳಿಗೋ ಚುಚ್ಚುತ್ತಿದ್ದರು. ಪ್ರಾಣಿ ಸಾಯುತ್ತಿತ್ತು, ಭೇದಿ ಮಾತ್ರ ಆಗುತ್ತಿರಲಿಲ್ಲ. ಕಾಯಿಲೆ ಇರುವುದೇ ಕರುಳಿನಲ್ಲಿ, ಹಾಗಿರುವಾಗ ಕರುಳಿಗೇ ಏಕೆ ಹಾಕಬಾರದು ಎಂದು ಕೇಳಿಕೊಂಡವರು ಡೇ.

ಪ್ರಯೋಗ ಹೀಗಿತ್ತು. ಮೊಲಕ್ಕೆ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು, ಸಣ್ಣ ಕರುಳಿನ ಒಂದು ತುಂಡಿನ ಎರಡೂ ತುದಿಯನ್ನು ದಾರದಿಂದ ಬಿಗಿದು ಕಟ್ಟುವುದು. ನಡುವಿನ ಆ ಭಾಗಕ್ಕೆ ಸಿರಿಂಜಿನಲ್ಲಿ ಕಾಲರಾ ರೋಗಾಣುವನ್ನು ಸೇರಿಸಿ, ಕರುಳನ್ನು ಒಳಗಿಟ್ಟು ಹೊಲಿಯುವುದು. ಮರುದಿನ ತೆರೆದು ನೋಡಿದರೆ ಕಟ್ಟಿದ ಭಾಗ ನೀರು ತುಂಬಿ ಬಿರಿಯುವ ಹಾಗೆ ಊದಿಕೊಂಡಿರುತ್ತಿತ್ತು. ಅಕ್ಕಪಕ್ಕದ ಕರುಳು ಇದ್ದ ಹಾಗೇ ಇರುತ್ತಿತ್ತು. ಕಾಲರಾ ರೋಗಿಯ ಮೈಯಿಂದ ನೀರೆಲ್ಲ ಬಸಿದುಹೋಗುವುದು ಹೇಗೆಂದು ಆ ಒಂದು ತುಂಡು ಕರುಳು ತೋರಿಸಿಕೊಟ್ಟಿತು. ಸಹೋದ್ಯೋಗಿ ಚಟರ್ಜಿಯವರ ಜೊತೆ ಇದನ್ನು ಪ್ರಕಟಿಸಿದ್ದು 1953ರಲ್ಲಿ. ಮುಂದೆ ಡೇ ರೋಗಾಣು ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಉಳಿಯದ ಆ ತಿಳಿಯನ್ನಷ್ಟೇ ಕರುಳಿಗೆ ಹಾಕಿದರು. ಕರುಳು ಆಗಲೂ ಊದಿತು. ಕಾಕ್ ಊಹಿಸಿದ್ದ ವಿಷಕ್ಕೆ ಕೊನೆಗೂ ಪುರಾವೆ ಸಿಕ್ಕಿತು. 1959ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪ್ರಬಂಧ ಎರಡು ಪುಟ ದಾಟಿಲ್ಲ.

ದಾರ, ಸೂಜಿ, ಮೊಲ, ಸೋಸುವ ಫಿಲ್ಟರ್. ನಮ್ಮಲ್ಲಿ ಸೌಕರ್ಯವಿಲ್ಲ ಎಂದು ಕೈಚೆಲ್ಲುವ ಮೊದಲು ಈ ನಾಲ್ಕನ್ನು ನೆನೆಯಿರಿ.

ಜಗತ್ತು ತಕ್ಷಣ ಎದ್ದು ನಿಲ್ಲಲಿಲ್ಲ. ಮೊದಲ ಕೆಲವು ವರ್ಷ ಆ ಪ್ರಬಂಧವನ್ನು ಹೆಚ್ಚಿನವರು ಗಮನಿಸಲಿಲ್ಲ. ಬೇರೆ ಪ್ರಯೋಗಾಲಯಗಳು ಅದೇ ಜಾಡು ಹಿಡಿದು, 1969ರಲ್ಲಿ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಹೊತ್ತಿಗೆ ಡೇ ಅವರ ಹೆಸರಿಲ್ಲದೆ ಕಾಲರಾದ ಮಾತೇ ಇಲ್ಲವೆಂಬಂತಾಯಿತು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್, ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದರು. 1978ರ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನ ಬಂತು. ಅವರು ಬದುಕಿದ್ದಷ್ಟು ದಿನ ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. ಇದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. 1985ರಲ್ಲಿ ತೀರಿಕೊಂಡರು. ಮರುವರ್ಷ, ಸೈಟೇಶನ್ ಎಣಿಕೆಗೆ ತಳಹದಿ ಹಾಕಿದ ಯುಜೀನ್ ಗಾರ್ಫೀಲ್ಡ್ ಅವರೇ ಡೇ ಅವರ ಪ್ರಭಾವದ ಬಗ್ಗೆ ಲೇಖನ ಬರೆದರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಅವರಿಗಾಗಿ ವಿಶೇಷ ಸಂಚಿಕೆ ತಂದಿತು.

ಇಂದು ಎಲ್ಲರ ಬಾಯಲ್ಲಿರುವ ಎಚ್-ಇಂಡೆಕ್ಸ್ ಹುಟ್ಟಿದ್ದು 2005ರಲ್ಲಿ, ಹಿರ್ಶ್ ಎಂಬ ಭೌತವಿಜ್ಞಾನಿಯ ಕೈಯಲ್ಲಿ. ಕನಿಷ್ಠ ಹತ್ತು ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಪ್ರಬಂಧ ನಿಮಗಿದ್ದರೆ ನಿಮ್ಮ ಅಂಕಿ ಹತ್ತು. ಮೂರೇ ಪ್ರಬಂಧ ಬರೆದು, ಒಂದೊಂದನ್ನೂ ಸಾವಿರಾರು ಜನ ಉಲ್ಲೇಖಿಸಿದರೂ ಅಂಕಿ ಮೂರು ದಾಟದು. ಆ ಅಂಕಿಯನ್ನು ಹಗುರವಾಗಿ ಕಾಣಿ ಎನ್ನುತ್ತಿಲ್ಲ. ನಿಮ್ಮ ಕೆಲಸ ಇನ್ನೊಬ್ಬರಿಗೆ ನೆರವಾಯಿತು ಎಂಬುದಕ್ಕೆ ಅದೂ ಒಂದು ಸಾಕ್ಷಿ. ಆದರೆ ಪ್ರಶ್ನೆಯನ್ನು ಆರಿಸಿಕೊಳ್ಳುವ ಹೊತ್ತಿನಲ್ಲಿ ಅದು ನಿಮ್ಮ ತಲೆಯಲ್ಲಿ ಇರಕೂಡದು.

ಡೇ ಆರಿಸಿಕೊಂಡಂಥ ಪ್ರಶ್ನೆ ಎಲ್ಲಿಗೆ ಮುಟ್ಟುತ್ತದೆ ನೋಡಿ. ಕಾಲರಾ ಕರುಳಿನ ಪೊರೆಯನ್ನು ನಾಶಮಾಡುವುದಿಲ್ಲ, ವಿಷ ನೀರನ್ನು ಹೊರಸುರಿಯುವಂತೆ ಮಾಡುತ್ತದೆ, ಸಕ್ಕರೆಯ ಜೊತೆ ಉಪ್ಪು ಕೊಟ್ಟರೆ ಕರುಳು ಆಗಲೂ ಹೀರಿಕೊಳ್ಳುತ್ತದೆ. ಹಲವರು ಸೇರಿ ಕಂಡುಕೊಂಡ ಈ ತಿಳಿವನ್ನು 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಾಲನಬಿಸ್ ಬಳಕೆಗೆ ತಂದರು. ಸಲೈನ್ ಬಾಟಲಿ ಮುಗಿದಾಗ ಉಪ್ಪು-ಗ್ಲುಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ನಿಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಅದೇ.

ಈಗ ನಿಮ್ಮ ಸರದಿ. ಮಳೆ ಶುರುವಾದರೆ ಸಾಕು, ಕಲುಷಿತ ನೀರು ಕುಡಿದು ವಾಂತಿಭೇದಿ ಎಂಬ ಸುದ್ದಿ ನಮ್ಮ ಯಾವುದಾದರೂ ಜಿಲ್ಲೆಯಿಂದ ಬರುತ್ತದೆ. ಡ್ರಿಪ್ ಹಾಕಿ, ಚೇತರಿಸಿಕೊಂಡವರನ್ನು ಮನೆಗೆ ಕಳಿಸಿದ ಮೇಲೆ ವಾರ್ಡು ಮತ್ತೆ ಮೊದಲಿನಂತಾಗುತ್ತದೆ. ಯಾವ ರೋಗಾಣು? ಯಾವ ಕೊಳಾಯಿ? ಯಾವ ಔಷಧಕ್ಕೆ ಅದು ಜಗ್ಗಲಿಲ್ಲ? ಇದನ್ನು ಕೇಳಬೇಕಾದವರು ಆ ರಾತ್ರಿ ಡ್ಯೂಟಿಯಲ್ಲಿದ್ದ ನೀವೇ. ಆಂಟಿಬಯಾಟಿಕ್ ಕೊಡುವ ಮೊದಲೇ ಮಲದ ಮಾದರಿ ತೆಗೆಯಿರಿ. ಮೈಕ್ರೋಬಯಾಲಜಿಯವರನ್ನು ಹೋಗಿ ಕಂಡು, ಬೆಳೆದ ರೋಗಾಣುವನ್ನು ಎಸೆಯದೆ ಕಾದಿಡುವಂತೆ ಕೇಳಿಕೊಳ್ಳಿ. ಎಥಿಕ್ಸ್ ಕಮಿಟಿಯ ಅನುಮತಿಗೆ ಮಳೆಗಾಲಕ್ಕೆ ಮುಂಚೆಯೇ ಅರ್ಜಿ ಹಾಕಿಡಿ. ನಿಮ್ಮ ಊಹೆ ಸುಳ್ಳಾದರೆ ಅದನ್ನೂ ಬರೆಯಿರಿ.

ಬರೆಯುವಾಗ ಇನ್ನೊಂದು ಕೆಲಸ ಮಾಡಿ. ನಿಮ್ಮದೇ ವಿಷಯದ ಮೇಲೆ ಬೆಳಗಾವಿಯಲ್ಲೋ ವೆಲ್ಲೂರಿನಲ್ಲೋ ಯಾರಾದರೂ ದುಡಿದಿದ್ದಾರೆಯೇ ಎಂದು ಹುಡುಕಿ ನೋಡಿ. ಸಿಕ್ಕಿದ್ದನ್ನು ಪೂರ್ತಿ ಓದಿ, ಗಟ್ಟಿಯಾಗಿದ್ದರೆ ಹೆಸರು ಹೇಳಿ ಉಲ್ಲೇಖಿಸಿ. ಡೇ ಅವರಿಗೆ ನಾವು ಸಕಾಲದಲ್ಲಿ ಕೊಡದೆ ಉಳಿಸಿಕೊಂಡದ್ದು ಇದನ್ನೇ.