ಮೊದಲು ಯಾರ ಫೋನ್ ರಿಂಗಾಗಬೇಕು?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಮಾತುಗಳ ಬರಹರೂಪ)



"ಐಟಿ ಅಂದ್ರೆ ನೀನು ಮಾಡೋ ಕೆಲಸ ಏನಮ್ಮ?" ಎಂದು ಇಲ್ಲಿ ಹಲವರು ಕೇಳಿದ್ದೀರಿ. ಬ್ಯಾಂಕಿಗೋ ಆಸ್ಪತ್ರೆಗೋ ಫೋನ್ ಮಾಡಿದಾಗ "ಹಿಂದಿಗಾಗಿ ಒಂದನ್ನು ಒತ್ತಿ, ಮರಾಠಿಗಾಗಿ ಎರಡನ್ನು ಒತ್ತಿ" ಎಂಬ ಹೆಣ್ಣುದನಿ ಬರುತ್ತದಲ್ಲ, ಅದರ ಹಿಂದಿನ ವ್ಯವಸ್ಥೆ ನನ್ನ ಕೆಲಸ. ನೀವೆಲ್ಲ ಆ ದನಿಗೆ ಬೈಯುತ್ತೀರಿ. ಪಾಪ, ದಾರಿ ಹಾಕಿದವರು ಬೇರೆ.

ಕಚೇರಿಗೆ ಹೊರಗಿನಿಂದ ಒಂದೇ ನಂಬರ್, ಒಳಗೆ ಹತ್ತು ಫೋನ್. ಬಂದ ಕರೆ ಯಾರ ಮೇಜಿಗೆ ಹೋಗಬೇಕು ಎಂಬುದನ್ನು ಯಾರೋ ಮೊದಲೇ ಕೂತು ತೀರ್ಮಾನಿಸಿರುತ್ತಾರೆ. ಎಲ್ಲ ಫೋನುಗಳೂ ಒಟ್ಟಿಗೆ ರಿಂಗಾಗಬಹುದು. ಆಗ "ಅವಳು ಎತ್ತುತ್ತಾಳೆ ಬಿಡು" ಎಂದು ಎಲ್ಲರೂ ಸುಮ್ಮನಿರುವುದೇ ಹೆಚ್ಚು. ಸರದಿಯಂತೆ ಒಬ್ಬರಾದ ಮೇಲೆ ಒಬ್ಬರಿಗೆ ಹೋಗಬಹುದು. ಹೆಚ್ಚು ಹೊತ್ತಿನಿಂದ ಬಿಡುವಾಗಿರುವವರಿಗೆ ಹೋಗಬಹುದು. ಇಲ್ಲವೇ ಪ್ರತಿಸಲವೂ ಪಟ್ಟಿಯ ಮೊದಲ ಹೆಸರಿಗೇ ಹೋಗಿ, ಅವರು ಎತ್ತದಿದ್ದರೆ ಮಾತ್ರ ಎರಡನೆಯವರಿಗೆ.

ಈ ಕೊನೆಯದು ನನಗೆ ಸೇರುವುದಿಲ್ಲ. ಪಟ್ಟಿಯ ಮೊದಲ ಹೆಸರು ಸಾಮಾನ್ಯವಾಗಿ ಹೊಸದಾಗಿ ಸೇರಿದ ಹುಡುಗಿಯದು. ದಿನವಿಡೀ ಅವಳಿಗೇ ಕರೆ, ಕೊನೆಯವರಿಗೆ ಚಹಾ. ನಮ್ಮ ಮನೆಗಳಲ್ಲೂ ಇದೇ ತಾನೆ? ಶಾಲೆಯಲ್ಲಿ ಮಗುವಿಗೆ ಜ್ವರ ಬಂದರೆ, ಫಾರಂನಲ್ಲಿ ಅಪ್ಪನ ನಂಬರ್ ಮೇಲಿದ್ದರೂ ರಿಂಗಾಗುವುದು ಅಮ್ಮನ ಫೋನ್.

ಈ ವಿದ್ಯೆಯಲ್ಲಿ ಒಬ್ಬ ತಾಯಿಯ ಪಾಲು ದೊಡ್ಡದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಎರ್ನಾ ಹೂವರ್ ಎರಡನೆಯ ಮಗಳ ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದಾಗಲೇ ಒಂದು ಉಪಾಯದ ಕರಡು ಬರೆದರು. ಕರೆಗಳು ಒಮ್ಮೆಲೇ ನುಗ್ಗಿದಾಗ ಟೆಲಿಫೋನ್ ಎಕ್ಸ್‌ಚೇಂಜಿನ ಕಂಪ್ಯೂಟರ್ ತಬ್ಬಿಬ್ಬಾಗಿ ನಿಲ್ಲಬಾರದು; ಕರೆ ಕೂಡಿಸುವುದು ಮೊದಲು, ಲೆಕ್ಕ, ಬಿಲ್ಲು ಆಮೇಲೆ. 1971ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಲೆಯ ಮೇಲೆ ಹಾಲು ಉಕ್ಕುವಾಗ ಬಟ್ಟೆ ಮಡಿಸುತ್ತಾ ನಿಲ್ಲುತ್ತೇವೆಯೇ?

ಈಗ ನಮ್ಮ ವಿಷಯ. ಸಂಘದ ಮಹಿಳಾ ಸಹಾಯವಾಣಿ ಎಂದರೆ ಸದ್ಯಕ್ಕೆ ಕಾರ್ಯದರ್ಶಿ ಅಕ್ಕನ ಮೊಬೈಲು. ಅವರು ಊರಿಗೆ ಹೋದರೆ ಸಹಾಯವಾಣಿಯೂ ಊರಿಗೆ ಹೋಗುತ್ತದೆ. ಇದನ್ನು ಬದಲಿಸೋಣ ಎಂದೇ ನಾನು ಬಂದಿದ್ದು.

ಎಷ್ಟು ಜನ ಬೇಕು? ಇದಕ್ಕೆ ಡೆನ್ಮಾರ್ಕಿನ ಎರ್ಲಾಂಗ್ 1917ರಲ್ಲೇ ಸೂತ್ರ ಕೊಟ್ಟಿದ್ದಾರೆ. ಹಬ್ಬದ ಟಿಕೆಟ್ಟಿನ ದಿನಗಳನ್ನೇ ನೆನೆಸಿಕೊಳ್ಳಿ. ಗಂಟೆಗೆ 20 ಕರೆ, ಒಂದೊಂದೂ 6 ನಿಮಿಷ ಎಂದುಕೊಂಡರೆ ಒಟ್ಟು 120 ನಿಮಿಷದ ಮಾತು. ಇಬ್ಬರು ಸಾಕು ಅನಿಸುತ್ತದೆ, ಆದರೆ ಕರೆಗಳು ಲೆಕ್ಕವಿಟ್ಟು ಬರುವುದಿಲ್ಲವಲ್ಲ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಮೂವರಿದ್ದರೆ 100ರಲ್ಲಿ 44 ಜನ ಕಾಯಬೇಕು. ನಾಲ್ವರಾದರೆ ಸುಮಾರು 17 ಜನ. ಎಲ್ಲರ ಸರಾಸರಿ ಕಾಯುವಿಕೆ ಎರಡೂವರೆ ನಿಮಿಷಕ್ಕಿಂತ ಹೆಚ್ಚಿದ್ದದ್ದು ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಒಬ್ಬಳೇ ಒಬ್ಬಳು ಹೆಚ್ಚಾಗಿದ್ದಕ್ಕೆ! ನಮಗೆ ಉಳಿದ ದಿನ ಅಷ್ಟು ಕರೆ ಬರುವುದಿಲ್ಲ, ಒಂದು ಹೊತ್ತಿಗೆ ಇಬ್ಬರು ಸಾಕು.

ಆದರೆ ಕರೆಗಳೆಲ್ಲ ಟಿಕೆಟ್ಟಿನವಲ್ಲ. ಮನೆಯಲ್ಲಿ ಹೊಡೆತ ತಿಂದು ಫೋನ್ ಮಾಡುವ ಹೆಣ್ಣುಮಗಳೂ ಇರುತ್ತಾಳೆ. ಅದಕ್ಕೇ ನಮ್ಮ ನಂಬರಿನಲ್ಲಿ "ಕೌಟುಂಬಿಕ ಸಮಸ್ಯೆಗೆ ಮೂರನ್ನು ಒತ್ತಿ" ಎಂಬ ಮೆನು ಬೇಡವೇ ಬೇಡ. ಅವನು ಪಕ್ಕದ ಕೋಣೆಯಲ್ಲೇ ಇರಬಹುದು, ಫೋನಿನ ದನಿ ಹೊರಗೆ ಕೇಳುತ್ತದೆ. ಅವಳು "ಹಲೋ" ಎಂದರೆ ಕನ್ನಡದಲ್ಲಿ ಒಂದು ಜೀವ "ಹೇಳಮ್ಮ" ಎನ್ನಬೇಕು, ಅಷ್ಟೆ. ಕರೆ ಸರದಿಯಲ್ಲಿ ಹೋಗಲಿ, ಒಬ್ಬರ ಬಳಿ 20 ಸೆಕೆಂಡ್, ಆಮೇಲೆ ಮುಂದಿನವರಿಗೆ. ರೆಕಾರ್ಡಿಂಗ್ ಬಂದ್. ಕರೆ ಮಾಡಿದವರ ಹೆಸರು ವಾಟ್ಸಾಪ್ ಗುಂಪಿಗೆ ಬರಕೂಡದು.

ಇನ್ನೊಂದು. ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡುವಾಗ ಫೋನ್ ಎತ್ತುವುದು ಅವಳೇ ಎಂದು ನಂಬಬೇಡಿ. "ಕನ್ನಡ ಸಂಘದಿಂದ, ಕಾರ್ಯಕ್ರಮದ ಬಗ್ಗೆ" ಎಂದಷ್ಟೇ ಹೇಳಿ. ಅವಳೇ ಸಿಕ್ಕರೆ, ಯಾವ ಹೊತ್ತಿಗೆ ಮಾಡಿದರೆ ಸರಿ ಎಂದು ಮೊದಲು ಕೇಳಿ. ಜೀವಕ್ಕೇ ಅಪಾಯ ಅನಿಸಿದರೆ ನಮ್ಮ ಸರದಿ ಗಿರದಿ ಏನೂ ಬೇಡ, 112. ಮಹಿಳೆಯರಿಗೆಂದೇ 181 ಇದೆ. ಈ ಎರಡನ್ನೂ ಕರೆ ಎತ್ತುವವರೆಲ್ಲ ಬಾಯಿಪಾಠ ಮಾಡಿಕೊಂಡಿರಬೇಕು.

ಬಾಗಿಲ ಬಳಿಯ ಮೇಜಿನ ಮೇಲೆ ಹಾಳೆ ಇಟ್ಟಿದ್ದೇನೆ, ಹೆಸರು ಮತ್ತು ನಿಮ್ಮ ಬಿಡುವಿನ ಹೊತ್ತು ಬರೆಯಿರಿ. ಮಧ್ಯಾಹ್ನದ ಹೊತ್ತಿಗೆ ಆಗಲೇ ಐದು ಹೆಸರು ಬಂದಿವೆ. ಸಂಜೆ 7ರಿಂದ 9 ಖಾಲಿ ಇದೆ, ಎಲ್ಲರಿಗೂ ಅಡುಗೆಯ ಸಮಯ. ವಾರಕ್ಕೊಂದು ದಿನ ಸೌಟನ್ನು ಮನೆಯವರ ಕೈಗೆ ಕೊಡಬಲ್ಲವರು ದಯವಿಟ್ಟು ಅಲ್ಲಿ ಬರೆಯಿರಿ. ಬುಧವಾರ ನಾನು ಬರೆದಿದ್ದೇನೆ.