ಬೋಳುಗುಡ್ಡ ಬರಡಲ್ಲ



ಇಲ್ಲಿ ಕೂತಿರುವ ಅನೇಕರ ಗದ್ದೆಗೆ ನೀರು ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಆ ನೀರಿನ ಜಾಡು ಹಿಡಿದು ಮೇಲಕ್ಕೆ ಹೋದರೆ ಕೂಡಲಿಯಲ್ಲಿ ಹೊಳೆ ಎರಡಾಗುತ್ತದೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಅಲ್ಲಿ ಹಿಮಾಲಯದ ಹಾಗೆ ಕರಗಲು ಹಿಮವಿಲ್ಲ. ನಾಲ್ಕು ತಿಂಗಳ ಮಳೆಯಷ್ಟೇ. ಆದರೂ ಕಾಡು ಚೆನ್ನಾಗಿರುವ ಕಡೆ ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ.

ಹೇಗೆ ಎಂದು ತಿಳಿಯಲು ಪಶ್ಚಿಮ ಘಟ್ಟದ ಕಣಿವೆಗಳಲ್ಲಿನ ಶೋಲಾ ಎಂಬ ಕಾಡಿನೊಳಗೆ ಕೂತು ನೆಲದ ದರಗು ಸರಿಸಿ ನೋಡಬೇಕು. ಮೇಲೆ ಒಣಗಿದ ಎಲೆ, ಕೆಳಗೆ ಅರೆಕೊಳೆತ ಎಲೆ, ನಡುವೆ ಬಿಳಿ ಶಿಲೀಂಧ್ರದ ಎಳೆಗಳು, ಅದರಡಿಯಲ್ಲಿ ಬೆರಳು ಸಲೀಸಾಗಿ ಇಳಿಯುವ ಕಪ್ಪು ಮಣ್ಣು. ಸತ್ತ ಬೇರು ಬಿಟ್ಟುಹೋದ ಕೊಳವೆ, ಎರೆಹುಳು, ಗೆದ್ದಲು ಕೊರೆದ ದಾರಿ. ಎಲೆಯಿಂದ ಎಲೆಗೆ ಬಿದ್ದು ಬಿರುಸು ಕಳೆದುಕೊಂಡ ಮಳೆ ಈ ದಾರಿಗಳಲ್ಲಿ ಇಂಗುತ್ತದೆ, ತಿಂಗಳುಗಳ ಮೇಲೆ ಒರತೆಯಾಗಿ ಹೊರಡುತ್ತದೆ. ಮಲೆನಾಡಿನವರು ಅಡಿಕೆ ದಬ್ಬೆ ಕಟ್ಟಿ ಮನೆಯಂಗಳಕ್ಕೆ ತರುತ್ತಿದ್ದ ಅಬ್ಬಿ ನೀರು ಇದೇ.

ಶೋಲಾ ಇರುವುದು ಕಣಿವೆಯ ಮಡಿಲಲ್ಲಿ. ಗುಡ್ಡದ ನೆತ್ತಿಯಲ್ಲಿ ಹುಲ್ಲು. ಈ ಹುಲ್ಲನ್ನು ಬಂಜರು ಎಂದು ಬಗೆದು ನಾವು ದಶಕಗಟ್ಟಲೆ ಅಕೇಶಿಯಾ, ನೀಲಗಿರಿ ನೆಟ್ಟೆವು. ನನ್ನ ಮಟ್ಟಿಗೆ ಘಟ್ಟಕ್ಕೆ ಆದ ದೊಡ್ಡ ಅನ್ಯಾಯಗಳಲ್ಲಿ ಇದೊಂದು, ಅದೂ ಹಸಿರಿನ ಹೆಸರಲ್ಲಿ. ಬೇಗ ಬೆಳೆಯುವ ಮರ ಹುಲ್ಲಿಗಿಂತ ಬಹಳ ನೀರು ಕುಡಿಯುತ್ತದೆ. ನೀಲಗಿರಿ ಬೆಟ್ಟದ ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ನೆಟ್ಟು ತೊರೆಯ ನೀರನ್ನು ಅಳೆದರು. ಮೊದಲ ಹತ್ತು ವರ್ಷದಲ್ಲಿ ಹರಿವು ಶೇ. 16ರಷ್ಟು ಇಳಿಯಿತು. ಕಡಿದ ಬುಡ ಮತ್ತೆ ಚಿಗುರಿದ ಎರಡನೆಯ ಸುತ್ತಿನಲ್ಲಿ ಇಳಿಕೆ ಶೇ. 25ನ್ನು ಮುಟ್ಟಿತು.

ಈಗ ಮಳೆಯ ರೀತಿಯೇ ಬದಲಾಗುತ್ತಿದೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಸುರಿದರೆ ಒಂದೇ ಸಮನೆ ಸುರಿಯುತ್ತದೆ, ಆಮೇಲೆ ವಾರಗಟ್ಟಲೆ ಬಿಸಿಲು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಯಾರೂ ಮರೆತಿಲ್ಲ. ಇಂಥ ಮಳೆಯಲ್ಲಿ ನೆಲ ಕುಡಿದಷ್ಟೇ ನಮ್ಮ ಪಾಲು. ಉಳಿದದ್ದು ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ಕ್ಕೆ ಇಳಿದಿದೆ. ಆ ಹೂಳೆಲ್ಲ ಘಟ್ಟದ್ದೇ ಅಲ್ಲ, ಗಣಿ, ಹೊಲಗಳ ಮಣ್ಣೂ ಅದರಲ್ಲಿದೆ. ಆದರೆ ಕಳೆದುಕೊಂಡ 28 ಟಿಎಂಸಿಯನ್ನು ಯಾವ ಸರ್ಕಾರವೂ ಸುಲಭವಾಗಿ ತಂದುಕೊಡಲಾರದು.

ತುಂಗೆ, ಭದ್ರೆ ಹುಟ್ಟುವ ಸೀಮೆಯಲ್ಲೇ ಇದ್ದ ಕುದುರೆಮುಖದ ಕಬ್ಬಿಣದ ಗಣಿ ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು. ಆ ಹೋರಾಟದಲ್ಲಿ ನಮ್ಮ ಬಯಲುಸೀಮೆಯ ದನಿ ಇನ್ನೂ ಜೋರಾಗಿ ಕೇಳಬೇಕಿತ್ತು, ಏಕೆಂದರೆ ಆ ಹೊಳೆಗಳ ನೀರನ್ನು ಉಣ್ಣುವವರು ನಾವು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಘಟ್ಟದ ಹುಲ್ಲುಗುಡ್ಡದಲ್ಲಿ ವನಮಹೋತ್ಸವ ಮಾಡೋಣ ಎಂದು ಯಾರಾದರೂ ಬಂದರೆ ಬೇಡವೆನ್ನಿ. ಆ ಸಸಿಗಳನ್ನು ಊರ ರಸ್ತೆಯ ಬದಿಗೆ, ಶಾಲೆಯ ಅಂಗಳಕ್ಕೆ ತನ್ನಿ, ನಾವೇ ನೀರೆರೆದು ಬೆಳೆಸೋಣ.