ಸ್ಟಾರ್ಟಪ್ ಬಿಟ್ಟು ದೊಡ್ಡ ಕಂಪನಿ ಸೇರುವಾಗ: ಷೇರು, ತೆರಿಗೆ, ಪಿಎಫ್

ಬೆಂಗಳೂರಿನ ಸ್ಟಾರ್ಟಪ್ ಬಿಟ್ಟು ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್‌ನಂಥ ಕಂಪನಿ ಸೇರುವ ಎಂಜಿನಿಯರ್‌ಗೆ ಸಂಬಳದ ಸ್ವರೂಪವೇ ಬದಲಾಗುತ್ತದೆ. ಷೇರು ಎರಡೂ ಕಡೆ ಸಿಗುತ್ತದೆ, ಆದರೆ ಅದರ ಬಗೆ ಬೇರೆ.

ಸ್ಟಾರ್ಟಪ್ ಕೊಡುವುದು ಇಸಾಪ್, ಅಂದರೆ ಮೊದಲೇ ಗೊತ್ತುಪಡಿಸಿದ ಬೆಲೆಗೆ ಷೇರು ಕೊಳ್ಳುವ ಹಕ್ಕು. ಇದು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುತ್ತದೆ. ಮೊದಲ ವರ್ಷ ತುಂಬುವ ಮುಂಚೆ ಕೆಲಸ ಬಿಟ್ಟರೆ ಬಹುತೇಕ ಕಡೆ ಏನೂ ಸಿಗದು. ಕೈಸೇರಿದ ಹಕ್ಕನ್ನಾದರೂ ಕೆಲಸ ಬಿಟ್ಟ 90 ದಿನಗಳೊಳಗೆ ಬಳಸಬೇಕೆಂಬ ಷರತ್ತು ಅನೇಕ ಕಂಪನಿಗಳಲ್ಲಿದೆ. ತೊಡಕು ಇರುವುದೇ ಇಲ್ಲಿ. 10 ರೂಪಾಯಿಗೆ ಕೊಳ್ಳುವ ಷೇರಿನ ಅಂದಿನ ಮೌಲ್ಯ 500 ರೂಪಾಯಿ ಎಂದುಕೊಳ್ಳಿ. ನಡುವಿನ 490 ರೂಪಾಯಿಯನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ. ಕಂಪನಿ ಇನ್ನೂ ಷೇರುಪೇಟೆಗೆ ಬಂದಿರುವುದಿಲ್ಲ, ಷೇರು ಮಾರಲು ದಾರಿಯಿರುವುದಿಲ್ಲ, ತೆರಿಗೆ ಮಾತ್ರ ಕೈಯಿಂದ ಕಟ್ಟಬೇಕು. ಸರ್ಕಾರದ ಮಾನ್ಯತೆಯಿರುವ ಕೆಲವು ಸ್ಟಾರ್ಟಪ್‌ಗಳ ನೌಕರರಿಗೆ ಈ ತೆರಿಗೆಯನ್ನು ಮುಂದೂಡುವ ಸವಲತ್ತು 2020ರ ಬಜೆಟ್‌ನಲ್ಲಿ ಬಂತು. ಕೆಲಸ ಬಿಟ್ಟರೆ ಅದೂ ಅಲ್ಲಿಗೇ ಮುಗಿಯುತ್ತದೆ. ಹೀಗೆ ವರ್ಷಗಟ್ಟಲೆ ದುಡಿದು ಗಳಿಸಿದ ಹಕ್ಕನ್ನು ದುಡ್ಡು ಹೊಂದಿಸಲಾಗದೆ ಕೈಬಿಡುವವರಿದ್ದಾರೆ, ಇದು ನ್ಯಾಯವಲ್ಲ. ಹಕ್ಕು ಬಳಸುವ 90 ದಿನಗಳ ಗಡುವನ್ನು ವರ್ಷಗಳಿಗೆ ವಿಸ್ತರಿಸಿದ ಸ್ಟಾರ್ಟಪ್‌ಗಳೂ ಇವೆ. ರಾಜೀನಾಮೆ ಕೊಡುವ ಮೊದಲೇ ಇಸಾಪ್ ಒಪ್ಪಂದವನ್ನು ಕೂಲಂಕಷವಾಗಿ ಓದಬೇಕಾದದ್ದು ಇದಕ್ಕಾಗಿಯೇ.

ದೊಡ್ಡ ಕಂಪನಿ ಕೊಡುವುದು ಆರ್‌ಎಸ್‌ಯು, ಅಂದರೆ ಹಂತಹಂತವಾಗಿ ಕೈಸೇರುವ ಷೇರು. ಇದನ್ನು ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಕೈಸೇರಿದ ದಿನದ ಪೂರ್ತಿ ಬೆಲೆ ಸಂಬಳಕ್ಕೆ ಸೇರುತ್ತದೆ. ಅದರಲ್ಲೇ ಕೆಲವು ಷೇರು ಮಾರಿ ತೆರಿಗೆ ಕಟ್ಟಿ, ಉಳಿದದ್ದನ್ನು ನೌಕರರ ಖಾತೆಗೆ ಹಾಕುವುದು ವಾಡಿಕೆ. ಪ್ರತಿವರ್ಷ ಸಮಪಾಲು ಬರುತ್ತದೆಂದು ನಂಬುವಂತಿಲ್ಲ. ಅಮೆಜಾನ್ ಬಹುಕಾಲ ನಾಲ್ಕು ವರ್ಷಗಳಿಗೆ ಶೇಕಡಾ 5, 15, 40, 40ರಂತೆ ಹಂಚುತ್ತಿತ್ತು. ಮೊದಲೆರಡು ವರ್ಷದ ಕೊರತೆಯನ್ನು ನಗದು ಬೋನಸ್ ತುಂಬುತ್ತಿತ್ತು. ಇವು ಅಮೆರಿಕದ ಷೇರುಗಳಾದ್ದರಿಂದ, ಒಂದನ್ನೂ ಮಾರದಿದ್ದರೂ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಲೇಬೇಕು. ಹೊಸಬರು ಹೆಚ್ಚಾಗಿ ಮರೆಯುವುದು ಇದನ್ನೇ.

ಪಿಎಫ್ ವಿಷಯ ಸರಳ. ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್ ಬದಲಾಗುವುದಿಲ್ಲ. ಹಳೆಯ ಹಣವನ್ನು ಹೊಸ ಖಾತೆಗೆ ವರ್ಗಾಯಿಸಿದರೆ ಸೇವಾವಧಿ ಮುಂದುವರಿಯುತ್ತದೆ. ಐದು ವರ್ಷ ತುಂಬುವ ಮುಂಚೆ ಹಿಂಪಡೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಇನ್ನು ಸಂಬಳದ ಮೇಲಿನ ತೆರಿಗೆ: ಆರ್ಥಿಕ ವರ್ಷದ ನಡುವೆ ಕೆಲಸ ಬದಲಿಸಿದವರು ಹಳೆಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಕೊಡದಿದ್ದರೆ ಎರಡೂ ಕಡೆ ತೆರಿಗೆ ಕಡಿಮೆ ಕಡಿತವಾಗಿ, ಬಾಕಿಯನ್ನು ರಿಟರ್ನ್ ಸಲ್ಲಿಸುವಾಗ ಬಡ್ಡಿಸಹಿತ ಕಟ್ಟಬೇಕಾಗುತ್ತದೆ.